ಬಜ್ಪೆಯಲ್ಲಿ ಇಳಿದು, ಸೂರ್ಯ ಮುಳುಗುವ ಮೊದಲು ಮುರುಡೇಶ್ವರಕ್ಕೆ: ನನ್ನ ಅನುಭವ

ಐದನೆಯ ಸಲ ಕೈಗೂಡಿತು. ಬೆಳಿಗ್ಗೆ ಬೆಂಗಳೂರಿನ ಮನೆಯಲ್ಲಿ ತಿಂಡಿ ತಿಂದು ಹೊರಟ ನಾನು ಮತ್ತು ಅಮ್ಮ ಅದೇ ದಿನ ಸಂಜೆ ಆರಕ್ಕೆ ಮುರುಡೇಶ್ವರದಲ್ಲಿ ದರ್ಶನ ಮುಗಿಸಿ ಮರಳಿನ ಮೇಲೆ ಕುಳಿತಿದ್ದೆವು. ಸೂರ್ಯ ಮುಳುಗಲು ಇನ್ನೂ ಅರ್ಧ ಗಂಟೆಗಿಂತ ಹೆಚ್ಚು ಸಮಯವಿತ್ತು. ಅದು ಫೆಬ್ರವರಿ. ಆಮೇಲೆ ಇನ್ನೆರಡು ಸಲ ಇದೇ ದಾರಿಯಲ್ಲಿ ಹೋಗಿ ಬಂದಿದ್ದೇನೆ, ಎರಡು ಸಲವೂ ಸೂರ್ಯ ಸಿಕ್ಕಿದ್ದಾನೆ. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ರಾತ್ರಿ ರೈಲು ಇರುವಾಗ ವಿಮಾನದ ಗೊಡವೆ ಏಕೆ ಎಂದು ಎಲ್ಲರೂ ಕೇಳಿದರು. ಅಮ್ಮನಿಗೆ ರೈಲಿನಲ್ಲಿ ರಾತ್ರಿ ನಿದ್ದೆ ಬರುವುದಿಲ್ಲ. ನಿದ್ದೆಗೆಟ್ಟು ಹೋಗಿ ಹಗಲೆಲ್ಲ ವಸತಿಗೃಹದಲ್ಲಿ ಮಲಗಿ ಸಂಜೆ ಎದ್ದು ದೇವರನ್ನು ನೋಡುವುದು ಅವರಿಗೆ ಬೇಡವಾಗಿತ್ತು. ಇನ್ನು ಸಂಜೆಯೇ ಏಕೆ ಎನ್ನುವವರಿಗೆ ಸ್ಥಳಪುರಾಣವೇ ಉತ್ತರ. ಆತ್ಮಲಿಂಗವನ್ನು ಹೊತ್ತು ಬರುತ್ತಿದ್ದ ರಾವಣನಿಗೆ ಸಂಧ್ಯಾವಂದನೆಯ ಹೊತ್ತಾಯಿತೆಂದು ತೋರಿದ್ದರಿಂದಲೇ ಅದು ಬಾಲಗಣಪತಿಯ ಕೈಗೆ ಹೋಗಿ ಗೋಕರ್ಣದಲ್ಲಿ ನೆಲ ಕಂಡಿತು. ಸಿಟ್ಟಿನಲ್ಲಿ ಅವನು ಕಿತ್ತೆಸೆದ ವಸ್ತ್ರ ಬಿದ್ದ ಜಾಗ ಮುರುಡೇಶ್ವರ. ಮುಳುಗುವ ಸೂರ್ಯನನ್ನು ಬಿಟ್ಟರೆ ಈ ಕ್ಷೇತ್ರದ ಕಥೆಯೇ ಇಲ್ಲ ಎಂಬುದು ಅಮ್ಮನ ವಾದ, ನನ್ನದೂ ಅದೇ.

ಮೊದಲ ಪ್ರಯತ್ನ ನವೆಂಬರ್ ಕೊನೆಯಲ್ಲಿ, ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ನೇರ ಟ್ಯಾಕ್ಸಿ. ದೂರ ನೂರೈವತ್ತು ಕಿಲೋಮೀಟರಿಗಿಂತ ತುಸು ಹೆಚ್ಚು. ಬಾಡಿಗೆ ನಾಲ್ಕೂವರೆ ಸಾವಿರ, ಹೆಜಮಾಡಿ, ಸಾಸ್ತಾನ, ಶಿರೂರು ಟೋಲ್ ಬೇರೆ. ವಿಮಾನ ಮುಕ್ಕಾಲು ಗಂಟೆ ತಡವಾಗಿ ಇಳಿಯಿತು. ಉಡುಪಿಯಲ್ಲಿ ಊಟಕ್ಕೆ ನಿಂತೆವು, ನಲವತ್ತು ನಿಮಿಷ ಹೋಯಿತು. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಕಂಡಾಗ ಇಳಿಯದೆ ಇರಲಾಗಲಿಲ್ಲ, ಅಲ್ಲಿ ಇನ್ನೊಂದು ಹದಿನೈದು ನಿಮಿಷ. ರಾಜಗೋಪುರದ ಬುಡದ ಆನೆಗಳ ಮುಂದೆ ಕಾರು ನಿಂತಾಗ ಆರೂಕಾಲು. ಆಕಾಶದಲ್ಲಿ ಕೆಂಪು ಮಾತ್ರ ಉಳಿದಿತ್ತು. ಆ ದಿನಗಳಲ್ಲಿ ಅಲ್ಲಿ ಸೂರ್ಯ ಆರಕ್ಕೆಲ್ಲ ಮುಳುಗಿಬಿಡುತ್ತಾನೆ ಎಂಬುದು ನನ್ನ ಲೆಕ್ಕದಲ್ಲಿ ಇರಲಿಲ್ಲ.

ಈ ಲೆಕ್ಕವನ್ನು ಆಮೇಲೆ ಸರಿಯಾಗಿ ಹಾಕಿದೆ. ಹಗಲು ಅತಿ ಚಿಕ್ಕದಾಗುವುದು ಡಿಸೆಂಬರ್ 21ರ ಸುಮಾರಿಗೆ, ಆದರೆ ಸೂರ್ಯ ಅತಿ ಬೇಗ ಮುಳುಗುವುದು ನವೆಂಬರ್ ಕೊನೆಯಲ್ಲಿ. ಜನವರಿ ನಡುವಿಗೆ ಅದು ಆರೂ ಇಪ್ಪತ್ತರ ಆಚೆ, ಫೆಬ್ರವರಿ ನಡುವಿಗೆ ಆರೂವರೆ ದಾಟಿ, ಮಾರ್ಚ್ ಮೂರನೆಯ ವಾರಕ್ಕೆ ಆರೂ ನಲವತ್ತು ದಾಟಿ. ತಿಂಗಳನ್ನು ಸರಿಯಾಗಿ ಆರಿಸಿಕೊಂಡರೆ ಒಂದು ರೂಪಾಯಿ ಖರ್ಚಿಲ್ಲದೆ ನಲವತ್ತು ನಿಮಿಷ ಸಿಗುತ್ತದೆ. ಟ್ಯಾಕ್ಸಿ ಎಷ್ಟು ಜೋರಾಗಿ ಓಡಿದರೂ ಅಷ್ಟು ಸಮಯ ಉಳಿಸಿಕೊಡಲಾರದು.

ಎರಡನೆಯದು ಬಸ್ಸು. ಬಿಜೈ ನಿಲ್ದಾಣಕ್ಕೆ ಹೋಗಿ ಅಲ್ಲಿಂದ ಉಡುಪಿ, ಕುಂದಾಪುರ, ಭಟ್ಕಳ ಎಂದು ಬದಲಿಸುತ್ತ ಹೋದೆ. ಒಬ್ಬನೇ ಹೋಗಿದ್ದೆ, ಖರ್ಚು ಮುನ್ನೂರು ದಾಟಲಿಲ್ಲ. ಹೆದ್ದಾರಿಯ ಕ್ರಾಸಿನಲ್ಲಿ ಇಳಿದಾಗ ಅಂಗಡಿಗಳ ದೀಪ ಹತ್ತಿ ಬಹಳ ಹೊತ್ತಾಗಿತ್ತು. ಇದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಮೂರನೆಯ ಸಲ ಮಂಗಳೂರು ಸೆಂಟ್ರಲ್‌ನಿಂದ ಮಧ್ಯಾಹ್ನ ಹೊರಡುವ ಮತ್ಸ್ಯಗಂಧ ಹಿಡಿಯುವ ಯೋಜನೆ. ಯೋಜನೆ ಸರಿಯಾಗಿತ್ತು, ಸ್ಟೇಷನ್ ತಪ್ಪಾಗಿತ್ತು. ವಿಮಾನ ನಿಲ್ದಾಣದ ಗುಡ್ಡದಿಂದ ಇಳಿದು ಕಾವೂರು ದಾಟುವವರೆಗೆ ಹೂವಿನಂತೆ ಬಂದೆವು. ಪೇಟೆಯೊಳಗೆ ಕಾರು ತೆವಳಿತು. ಪ್ಲಾಟ್‌ಫಾರಂ ತಲುಪಿದಾಗ ರೈಲಿನ ಕೊನೆಯ ಬೋಗಿಯ ಹಿಂಭಾಗವನ್ನು ನೋಡಿದೆ. ಟಿಕೆಟ್ಟಿನ ಹಣ ಹೋಯಿತು, ಆ ರಾತ್ರಿ ಮಂಗಳೂರಿನಲ್ಲಿ ಕೋಣೆ ಹಿಡಿದದ್ದಕ್ಕೆ ಇನ್ನೊಂದು ಸಾವಿರದ ಇನ್ನೂರು.

ನಡುವೆ ಹುಬ್ಬಳ್ಳಿ ವಿಮಾನ ನಿಲ್ದಾಣದಿಂದಲೂ ಒಮ್ಮೆ ಪ್ರಯತ್ನಿಸಿದೆ. ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲೆ, ಕುಮಟಾ, ಹೊನ್ನಾವರ. ದಾರಿಯ ಚೆಂದಕ್ಕೆ ಸಾಟಿಯಿಲ್ಲ, ಆದರೆ ಘಟ್ಟದಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡರೆ ಹೊತ್ತು ನಮ್ಮ ಕೈಯಲ್ಲಿ ಇರುವುದಿಲ್ಲ. ಸೂರ್ಯ ಮುಳುಗಿದ್ದನ್ನು ಹೊನ್ನಾವರದ ಶರಾವತಿ ಸೇತುವೆಯ ಮೇಲಿಂದ ನೋಡಿದೆ. ಆ ಸಂಜೆಯನ್ನು ನಾನು ಮರೆತಿಲ್ಲ, ಆದರೂ ಅದು ಮುರುಡೇಶ್ವರವಲ್ಲ.

ಆ ರಾತ್ರಿಯೇ ಭೂಪಟ ಹರಡಿಕೊಂಡು ಕುಳಿತಾಗ ಹೊಳೆಯಿತು. ರೈಲು ಮಂಗಳೂರಿನಿಂದ ಹೊರಟು ಉತ್ತರಕ್ಕೇ ಬರುತ್ತದೆ, ನಾನು ಮಾತ್ರ ಬಜ್ಪೆಯಿಂದ ದಕ್ಷಿಣಕ್ಕೆ ಇಳಿದು ಅದನ್ನು ಹುಡುಕುತ್ತಿದ್ದೇನೆ. ಅದೇ ಮತ್ಸ್ಯಗಂಧ ಸುರತ್ಕಲ್ಲಿನಲ್ಲಿ ನಿಲ್ಲುತ್ತದೆ. ಬಜ್ಪೆಯಿಂದ ಕಾಟಿಪಳ್ಳ, ಕಾನ ಹಾದು ಸುರತ್ಕಲ್ಲಿಗೆ ಬಂದರೆ ನಗರದ ಮುಖ ನೋಡುವ ಅಗತ್ಯವೇ ಇಲ್ಲ. ದೂರ ಹದಿನೈದು ಹದಿನಾರು ಕಿಲೋಮೀಟರ್, ನನಗೆ ಹಿಡಿದದ್ದು ಮೂವತ್ತೈದು ನಿಮಿಷ. ಇದನ್ನು ಹೇಳಿದಾಗ ಮಂಗಳೂರಿನ ಗೆಳೆಯರೊಬ್ಬರು, "ಅದೆಲ್ಲ ಆಗುವ ಮಾತಲ್ಲ ಮಾರಾಯರೇ, ಸೆಂಟ್ರಲ್ಲಿಗೇ ಬನ್ನಿ, ನಾನೇ ಬಿಡುತ್ತೇನೆ" ಎಂದರು. ಈಗ ಅವರೂ ತಮ್ಮ ನೆಂಟರನ್ನು ಸುರತ್ಕಲ್ಲಿಗೇ ಕಳುಹಿಸುತ್ತಾರೆ.

ಹನ್ನೆರಡೂವರೆಯ ಒಳಗೆ ಇಳಿಯುವ ವಿಮಾನವನ್ನೇ ಹಿಡಿಯಬೇಕು. ಒಂದು ಗಂಟೆ ತಡವಾದರೂ ತಾಳಿಕೊಳ್ಳುವಷ್ಟು ಅವಕಾಶ ಬೇಕು. ಸಾಮಾನು ಕೈಚೀಲದಲ್ಲೇ ಇರಬೇಕು, ಬೆಲ್ಟಿನ ಮುಂದೆ ಕಾಯುವ ಇಪ್ಪತ್ತು ನಿಮಿಷ ಉಳಿಯುತ್ತದೆ. ಊಟಕ್ಕೆ ಎಲ್ಲೂ ನಿಲ್ಲುವಂತಿಲ್ಲ. ಅಮ್ಮ ಕಟ್ಟಿಕೊಂಡಿದ್ದ ಪುಳಿಯೋಗರೆಯನ್ನು ಸುರತ್ಕಲ್ ಸ್ಟೇಷನ್ನಿನ ಬೆಂಚಿನ ಮೇಲೆ ಬಿಚ್ಚಿದೆವು. ರೈಲು ಅಲ್ಲಿ ನಿಲ್ಲುವುದು ಒಂದೆರಡು ನಿಮಿಷ, ಹಿರಿಯರಿದ್ದರೆ ನಿಮ್ಮ ಬೋಗಿ ಎಲ್ಲಿ ಬರುತ್ತದೆಂದು ಮೊದಲೇ ಕೇಳಿ ಅಲ್ಲಿಯೇ ನಿಂತಿರಿ. ಹತ್ತಿದ ಮೇಲೆ ಎಡಗಡೆಯ ಕಿಟಕಿ ಹಿಡಿಯಿರಿ. ಕಡಲು ಹೆಚ್ಚಾಗಿ ಕಾಣುವುದಿಲ್ಲ, ಆದರೆ ಬಾರ್ಕೂರಿನ ಆಸುಪಾಸಿನ ಹೊಳೆಗಳೂ ತೆಂಗಿನ ತೋಟಗಳೂ ಆ ಕಡೆಯಿಂದ ಚೆನ್ನಾಗಿ ಕಾಣುತ್ತವೆ. ಎರಡೂಕಾಲು ಗಂಟೆಯ ಪ್ರಯಾಣ, ಐದರ ಸುಮಾರಿಗೆ ಮುರುಡೇಶ್ವರ, ಅಲ್ಲಿಂದ ದೇವಸ್ಥಾನಕ್ಕೆ ರಿಕ್ಷಾದಲ್ಲಿ ಹತ್ತು ನಿಮಿಷ. ಇಳಿದವರೆಲ್ಲ ಒಟ್ಟಿಗೆ ರಿಕ್ಷಾಗಳತ್ತ ಧಾವಿಸುತ್ತಾರೆ. ನಾನು ಅಲ್ಲಿ ಕಾಯದೆ ಹೊರಡುವುದಕ್ಕೆ ಒಂದು ಉಪಾಯ ಮಾಡಿಕೊಂಡಿದ್ದೇನೆ, ಅದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಖರ್ಚು ನೆನಪಿನಿಂದ ಹೇಳುತ್ತೇನೆ. ಸುರತ್ಕಲ್ಲಿಗೆ ಟ್ಯಾಕ್ಸಿ ಏಳುನೂರು, ಇಬ್ಬರ ಸ್ಲೀಪರ್ ಟಿಕೆಟ್ ನಾನೂರರ ಆಸುಪಾಸು, ರಿಕ್ಷಾ ನೂರಿಪ್ಪತ್ತು. ಸಾವಿರದ ಇನ್ನೂರ ಐವತ್ತು ದಾಟಲಿಲ್ಲ. ಮೊದಲ ಸಲ ಐದು ಸಾವಿರದ ಹತ್ತಿರ ಸುರಿದೂ ಕತ್ತಲೆಯನ್ನು ಕಂಡವನಿಗೆ ಇದು ದೊಡ್ಡ ಗೆಲುವು.

ಒಂದು ಎಚ್ಚರಿಕೆ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆ. ರೈಲುಗಳ ವೇಗ ಇಳಿಸುತ್ತಾರೆ, ಮಂಗಳೂರಿನಿಂದ ಹೊರಡುವ ಹೊತ್ತೂ ಬೇಗವಾಗುತ್ತದೆ. ನನ್ನ ಮಾತು ಕೇಳಿ ಆಗಸ್ಟಿನಲ್ಲಿ ಹೊರಟ ಸಹೋದ್ಯೋಗಿಯೊಬ್ಬರಿಗೆ ಸುರತ್ಕಲ್ಲಿನಲ್ಲಿ ಖಾಲಿ ಹಳಿ ಸಿಕ್ಕಿತು. ಬಜ್ಪೆಯ ರನ್‌ವೇ ಗುಡ್ಡದ ನೆತ್ತಿಯ ಮೇಲಿದೆ, ಮೋಡ ಕವಿದರೆ ವಿಮಾನವೂ ಸುತ್ತು ಹೊಡೆಯುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಈ ದಾರಿಯನ್ನು ನಾನು ಯಾರಿಗೂ ಹೇಳುವುದಿಲ್ಲ.

ಕಡಲ ತೀರದಲ್ಲಿ ಎಲ್ಲಿ ನಿಲ್ಲಬೇಕು ಎಂಬುದು ಇನ್ನೊಂದು ಪ್ರಶ್ನೆ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ನೈಋತ್ಯದ ಕಡೆಗೆ ಸರಿದು ಮುಳುಗುತ್ತಾನೆ, ಆಗ ದೇವಸ್ಥಾನವಿರುವ ಗುಡ್ಡವಾದ ಕಂದುಕಗಿರಿಯ ಉತ್ತರದ ಮರಳಿನಲ್ಲಿ ನಿಂತವರಿಗೆ 123 ಅಡಿಯ ಶಿವನ ಮೂರ್ತಿಯೂ ಸೂರ್ಯನೂ ಹತ್ತಿರ ಹತ್ತಿರ ಕಾಣುತ್ತವೆ. ಮೂರ್ತಿಯ ಭುಜಕ್ಕೆ ಸೂರ್ಯ ತಾಗಿದಂತೆ ಕಾಣುವ ಜಾಗ ಒಂದಿದೆ. ಅದನ್ನು ಮೂರು ಸಂಜೆ ನಡೆದು ಕಂಡುಕೊಂಡಿದ್ದೇನೆ, ನೀವೂ ನಡೆದು ಕಂಡುಕೊಳ್ಳಿ. ಇಷ್ಟಂತೂ ನೆನಪಿಡಿ: ಪಂಚಾಂಗದಲ್ಲಿರುವ ಅಸ್ತಮಾನದ ಹೊತ್ತನ್ನು ನಂಬಿ ಕೊನೆಯ ಗಳಿಗೆಗೆ ಬರಬೇಡಿ. ಫೆಬ್ರವರಿಯಲ್ಲಿ ಕಡಲಿನ ಮೇಲೆ ಮಬ್ಬು ಕಟ್ಟಿರುತ್ತದೆ. ಆ ದಿನ ನಾವು ನೋಡುತ್ತಿದ್ದಂತೆ ಸೂರ್ಯ ನೀರಿಗಿಂತ ಎರಡು ಬೆರಳು ಮೇಲಿರುವಾಗಲೇ ತಾಮ್ರದ ತಟ್ಟೆಯಂತಾಗಿ, ಕೆಳಗಿನಿಂದ ಸವೆಯುತ್ತ ಸವೆಯುತ್ತ ಆ ಮಬ್ಬಿನೊಳಗೇ ಕರಗಿದ. ಅಮ್ಮ ಸೀರೆಯ ನೆರಿಗೆ ಎತ್ತಿ ಹಿಡಿದು ಪಾದ ಮುಳುಗುವಷ್ಟು ನೀರಿಗೆ ಇಳಿದು, ಬೊಗಸೆಯಲ್ಲಿ ನೀರು ತುಂಬಿ ಮೂರು ಸಲ ಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಇನ್ನು ಗೋಕರ್ಣ" ಎಂದರು.

ಅದೇ ರೈಲು ಮುಂದೆ ಕುಮಟಾಕ್ಕೆ ಹೋಗುತ್ತದೆ. ಅಲ್ಲಿಂದ ಗೋಕರ್ಣ ಮೂವತ್ತು ಚಿಲ್ಲರೆ ಕಿಲೋಮೀಟರ್. ಮಾರ್ಚ್ ಮೂರನೆಯ ವಾರದಲ್ಲಿ ಹೋದರೆ ಹತ್ತು ನಿಮಿಷ ಉಳಿಯುತ್ತದೆ ಎಂಬುದು ನನ್ನ ಲೆಕ್ಕ. ಕುಮಟಾದ ರಿಕ್ಷಾದವರೊಬ್ಬರೊಂದಿಗೆ ಮಾತಾಡಿಟ್ಟಿದ್ದೇನೆ.