ಸೊಂಟ ನೋವಿನ ಜಾಡು ಹಿಡಿಯುವುದು ಹೇಗೆ

ಅಡಿಕೆ ಸುಲಿಯುವ ಕಾಲ ಬಂತೆಂದರೆ ತೀರ್ಥಹಳ್ಳಿ ಕಡೆಯ ನನ್ನ ಫಿಸಿಯೋಥೆರಪಿ ಕೋಣೆ ತುಂಬಿ ಹೋಗುತ್ತದೆ. ಸಂಜೆ ಮೆಟ್ಟುಗತ್ತಿ ಮುಂದೆ ಕೂತವರು ಏಳುವುದು ರಾತ್ರಿ ಹತ್ತಕ್ಕೋ ಹನ್ನೊಂದಕ್ಕೋ. ಹಾಗೆ ಬಂದ ಒಬ್ಬ ಅಕ್ಕ ಕೂರುವ ಮೊದಲೇ ಎಂಆರ್‌ಐ ಕವರ್ ಮೇಜಿನ ಮೇಲಿಟ್ಟರು. "ನಾಲ್ಕು ಐದರ ಮಧ್ಯೆ ಗ್ಯಾಪ್ ಬಂದಿದೆಯಂತೆ ಮೇಡಂ, ಇನ್ನು ಬಗ್ಗುವ ಹಾಗೇ ಇಲ್ವಂತೆ" ಅಂದರು. ಸೊಂಟದ ನಾಲ್ಕನೇ ಐದನೇ ಮೂಳೆಗಳ ನಡುವೆ ಅಂತ ಅವರ ಮಾತಿನ ಅರ್ಥ. ನಾನು ಕವರ್ ಪಕ್ಕಕ್ಕಿಟ್ಟೆ. ಮೊದಲು ಅವರ ಬಾಯಿಂದ ಕೇಳಬೇಕಿತ್ತು.

ಯಾಕೆ ಅಂದರೆ, ನೋವೇ ಇಲ್ಲದವರ ಬೆನ್ನಿನ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ ಲೆಕ್ಕವೊಂದು 2015ರಲ್ಲಿ ಬಂತು. 20 ವರ್ಷದವರಲ್ಲೇ ನೂರಕ್ಕೆ 37 ಜನರ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಸವೆದಿತ್ತು. 80 ವರ್ಷದವರಲ್ಲಿ 96 ಜನರದ್ದು. ಇವರಿಗೆಲ್ಲ ನೋವಿರಲಿಲ್ಲ, ನೆನಪಿಡಿ. ಅಂದಹಾಗೆ, ನಾವು 'ಗ್ಯಾಪ್ ಬಂದಿದೆ' ಅನ್ನುತ್ತೇವಲ್ಲ, ಡಿಸ್ಕ್ ಸವೆದಾಗ ಮೂಳೆಗಳ ನಡುವಿನ ಜಾಗ ಕಮ್ಮಿಯಾಗುತ್ತದೆ, ಜಾಸ್ತಿಯಾಗುವುದಿಲ್ಲ. ಆ ಒಂದು ಮಾತಿಗೆ ಹೆದರಿ ವರ್ಷಗಟ್ಟಲೆ ಕೊಡ ಎತ್ತದವರನ್ನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಸೊಂಟ ನೋವಿದ್ದರೆ ಡಾಕ್ಟರ ಹತ್ತಿರ ಹೋಗುವ ಮೊದಲು ಇಷ್ಟು ಮಾಡಿ.

ಮೊದಲಿಗೆ ಅಪಾಯದ ಲಕ್ಷಣ ಇದೆಯೇ ನೋಡಿ. ಮೂತ್ರ ಕಟ್ಟಿಕೊಂಡಿದೆಯೇ, ಅಥವಾ ತಿಳಿಯದೆ ಹೋಗುತ್ತಿದೆಯೇ? ಸೈಕಲ್ ಸೀಟು ತಾಗುವ ಜಾಗ ಮರಗಟ್ಟಿದೆಯೇ? ಎರಡೂ ಕಾಲು ಸೋಲುತ್ತಿವೆಯೇ? ಹಾಗಿದ್ದರೆ ಬೆಳಗಾಗುವ ತನಕ ಕಾಯಬೇಡಿ, ಅದೇ ರಾತ್ರಿ ದೊಡ್ಡ ಆಸ್ಪತ್ರೆಗೆ ಹೊರಡಿ. ಬಿದ್ದ ಮೇಲೆ ಶುರುವಾದ ನೋವು, ಹಿಂದೆ ಕ್ಯಾನ್ಸರ್ ಆಗಿದ್ದವರ ಹೊಸ ನೋವು, ಮಲಗಿದರೂ ಎದ್ದರೂ ಒಂದೇ ಸಮ ಇರುವ ನೋವು ಇವಕ್ಕೂ ತಡ ಮಾಡಬಾರದು. ಜ್ವರವನ್ನು ಮರೆಯದೆ ಕೇಳಿ. ಕೆಲಸ ಶುರು ಮಾಡಿದ ಹೊಸದರಲ್ಲಿ ಒಬ್ಬ ಹುಡುಗನ ಬೆನ್ನಿಗೆ ನಾನು ಮೂರು ವಾರ ಶಾಖ ಕೊಟ್ಟೆ. ಸಂಜೆ ಹೊತ್ತು ಮೈ ಬಿಸಿಯಾಗುತ್ತದೆಯಾ, ಪ್ಯಾಂಟು ಸಡಿಲವಾಗಿದೆಯಾ ಎಂದು ಕೇಳಲೇ ಇಲ್ಲ. ಅವನಿಗಿದ್ದದ್ದು ಬೆನ್ನುಮೂಳೆಯ ಟಿಬಿ. ಔಷಧಿಯಿಂದ ವಾಸಿಯಾಯಿತು. ಆದರೆ ಆ ಮೂರು ವಾರ ನನ್ನಿಂದ ಹಾಳಾದದ್ದು. ಅವತ್ತಿಂದ ಆ ಎರಡು ಪ್ರಶ್ನೆ ಕೇಳದೆ ಯಾರ ಬೆನ್ನನ್ನೂ ಮುಟ್ಟಿಲ್ಲ.

ಇದ್ಯಾವುದೂ ಇಲ್ಲವೆಂದಾದರೆ ಒಂದು ಹಾಳೆ ತಗೊಳ್ಳಿ. ಹಿಂದಿನಿಂದ ಕಂಡ ಹಾಗೆ ಮನುಷ್ಯನ ಚಿತ್ರ ಬರೆಯಿರಿ, ಮಕ್ಕಳು ಬರೆಯುವಂಥದ್ದೇ ಸಾಕು. ನೋವಿರುವಲ್ಲೆಲ್ಲ ಕೆಂಪು ಬಣ್ಣ ಹಚ್ಚಿಸಿ, ಜೋಮು ಹಿಡಿದ ಜಾಗಕ್ಕೆ ನೀಲಿ. ಆಮೇಲೆ ಹೇಗೆ ನೋಯುತ್ತದೆ ಅಂತ ಕೇಳಿ ಸುಮ್ನಿರಿ. 'ಉರಿಯುತ್ತಾ? ಚುಚ್ಚುತ್ತಾ?' ಎಂದು ನೀವೇ ಪದ ಎತ್ತಿಕೊಟ್ಟರೆ ಅವರು ಹೂಂ ಅಂದುಬಿಡುತ್ತಾರೆ. ನಮ್ಮ ಜನಕ್ಕೆ ಪದಗಳಿಗೇನು ಬರ ಇಲ್ಲ. 'ಹಿಡ್ಕೊಂಡಿದೆ', 'ಕಿತ್ತು ಬರುತ್ತೆ' ಅಂದರೆ ನಾನು ಸ್ನಾಯು, ಕೀಲು, ಡಿಸ್ಕ್ ಕಡೆ ಯೋಚಿಸುತ್ತೇನೆ. 'ಕರೆಂಟ್ ಹೊಡೆದ ಹಾಗೆ', 'ಇರುವೆ ಹರಿದ ಹಾಗೆ' ಅಂದರೆ ನರದ ಕಡೆ. ಸೊಂಟದಿಂದ ತೊಡೆಯವರೆಗೆ ಅಂಗೈಯಲ್ಲಿ ಸವರಿ ತೋರಿಸುವ ನೋವು ಬೇರೆ. ಮೊಣಕಾಲು ದಾಟಿ ಪಾದದ ತನಕ ಒಂದೇ ಗೆರೆಯಾಗಿ ಇಳಿಯುವ, ಸೊಂಟಕ್ಕಿಂತ ಕಾಲಲ್ಲೇ ಜಾಸ್ತಿ ಇರುವ ನೋವು ಬೇರೆ. ಆ ಅಕ್ಕ ಹಚ್ಚಿದ ಕೆಂಪು ಎಡಗಾಲಿನ ಹಿಂಭಾಗದಲ್ಲಿ ಇಳಿದು ಕಿರುಬೆರಳಿನ ಪಕ್ಕಕ್ಕೆ ಹೋಗಿ ನಿಂತಿತ್ತು.

ಇನ್ನು ಒಂದು ಇಡೀ ದಿನದ ಲೆಕ್ಕ. ಇದಕ್ಕೆ ಸಮಯ ಕೊಡಿ, ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಕೂತರೆ, ಬಗ್ಗಿದರೆ, ಕೆಮ್ಮಿದರೆ, ಸೀನಿದರೆ ಜಾಸ್ತಿಯಾಗಿ, ನಾಲ್ಕು ಹೆಜ್ಜೆ ನಡೆದರೆ ಹಗುರವಾಗುವುದು ಹೆಚ್ಚಾಗಿ ಡಿಸ್ಕಿನ ಸ್ವಭಾವ. ವಯಸ್ಸಾದವರಲ್ಲಿ ಇದು ಉಲ್ಟಾ. ಕೂತರೆ ಏನೂ ಇಲ್ಲ, ಸ್ವಲ್ಪ ದೂರ ನಡೆದರೆ ಎರಡೂ ಕಾಲು ಭಾರ. ಮುಂದಕ್ಕೆ ಬಗ್ಗಿದರೆ ಹಾಯೆನಿಸುತ್ತದೆ. ಸೈಕಲ್ ತುಳಿಯಬಲ್ಲರು, ದರೆ ಹತ್ತುವುದು ಇಳಿಯುವುದಕ್ಕಿಂತ ಸುಲಭ. ನರ ಹಾಯುವ ದಾರಿ ಕಿರಿದಾಗಿದೆ ಎಂಬುದರ ಸುಳಿವು ಇದು. ಬಗ್ಗದೆ, ಸುಮ್ಮನೆ ನಿಂತಷ್ಟಕ್ಕೇ ಕಾಲು ನೋವು ಹೋಗುವುದಾದರೆ ಕಾಲಿನ ರಕ್ತನಾಳವನ್ನೂ ಪರೀಕ್ಷೆ ಮಾಡಿಸಬೇಕು. ಇನ್ನು ಇಪ್ಪತ್ತು ಮೂವತ್ತರ ಹುಡುಗ ಬೆಳಗಿನ ಜಾವ ನೋವಿಗೆ ಎಚ್ಚರವಾಗಿ, ಎದ್ದ ಮೇಲೆ ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ಬೆನ್ನು ಬಿಗಿದು, ತೋಟಕ್ಕೆ ಹೋಗಿ ಕೆಲಸ ಮಾಡಿದರೆ ಸಲೀಸಾಗುತ್ತದೆ, ಮೂರು ತಿಂಗಳಿಂದ ಹೀಗೇ ಅಂದರೆ ಅವನಿಗೆ ರೆಸ್ಟ್ ಹೇಳಬೇಡಿ. ಅದು ಉರಿಯೂತದ ನೋವು ಇರಬಹುದು. ಸಂಧಿವಾತದ ಡಾಕ್ಟರ ಹತ್ತಿರ ಕಳಿಸಿ.

ನರದ ಅನುಮಾನ ಬಂದರೆ ಮನೆಯಲ್ಲೇ ನೋಡಬಹುದಾದ್ದು ಸ್ವಲ್ಪ ಇದೆ. ಗೋಡೆ ಹಿಡಿದು ಒಂಟಿ ಕಾಲಲ್ಲಿ ತುದಿಗಾಲ ಮೇಲೆ ಹತ್ತು ಸಲ ಏಳಿಸಿ, ಎರಡೂ ಕಡೆ ಹೋಲಿಸಿ. ಹಿಮ್ಮಡಿಯ ಮೇಲೆ ನಡೆಸಿ. ಕಾಲಿನ ಹೆಬ್ಬೆರಳು ಮೇಲೆತ್ತಿಸಿ, ನಿಮ್ಮ ಬೆರಳಿಂದ ಒತ್ತಿ ನೋಡಿ. ಹವಾಯಿ ಚಪ್ಪಲಿ ಕಾಲಿಂದ ಜಾರಿದ್ದೇ ಗೊತ್ತಾಗುವುದಿಲ್ಲ ಅಂದರೆ ಪಾದ ಸೋಲುತ್ತಿದೆ, ಬೇಗ ತೋರಿಸಿ. ಮಲಗಿಸಿ, ಮಂಡಿ ಮಡಿಸದೆ ಕಾಲನ್ನು ಮೆಲ್ಲಗೆ ಎತ್ತಿದಾಗ 30ರಿಂದ 70 ಡಿಗ್ರಿ ಒಳಗೆ ಅದೇ ಹಳೆಯ ಕಾಲು ನೋವು ಬಂದರೆ ಲೆಕ್ಕಕ್ಕೆ ತಗೊಳ್ಳಿ. ತೊಡೆ ಹಿಂದೆ ಬರೀ ಎಳೆದ ಹಾಗಾದರೆ ಅದಕ್ಕೆ ಅರ್ಥವಿಲ್ಲ. ಆ ಅಕ್ಕನ ಹೆಬ್ಬೆರಳಿನ ಬಲ ಚೆನ್ನಾಗಿಯೇ ಇತ್ತು. ಆದರೆ ಎಡಗಾಲ ತುದಿಯ ಮೇಲೆ ನಾಲ್ಕು ಸಲಕ್ಕಿಂತ ಜಾಸ್ತಿ ಏಳಲಾಗಲಿಲ್ಲ.

ಆಮೇಲೆ ಅವರನ್ನು ಬೋರಲು ಮಲಗಿಸಿ, ಮೊಣಕೈ ಊರಿ ಎದೆ ಎತ್ತಿಸಿದೆ. ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಝಿ 1956ರಲ್ಲಿ ಆಕಸ್ಮಿಕವಾಗಿ ಕಂಡದ್ದು ಇದು. ತಲೆ ಕಡೆ ಎತ್ತರಿಸಿದ್ದ ಮಂಚದ ಮೇಲೆ ರೋಗಿಯೊಬ್ಬರು ಬೋರಲು ಮಲಗಿದ್ದರು, ಎದ್ದಾಗ ಕಾಲು ನೋವು ಇರಲಿಲ್ಲ. ಐದು ನಿಮಿಷ ಬಿಟ್ಟು ಅಕ್ಕ ಗಾಬರಿಯಾದರು. "ಪಾದದ್ದು ಹೋಯ್ತು, ಸೊಂಟದಲ್ಲಿ ಜಾಸ್ತಿ ಆಯ್ತಲ್ಲ ಮೇಡಂ!" ನನಗೆ ಖುಷಿಯಾಯಿತು. ಪಾದದಿಂದ ಸೊಂಟದ ಕಡೆ ನೋವು ಹಿಂದೆ ಸರಿಯುವುದು ಒಳ್ಳೆಯ ಲಕ್ಷಣ. ಇದೇ ಭಂಗಿಯಲ್ಲಿ ನೋವು ಪಾದದ ಕಡೆಗೆ ಇಳಿದರೆ ತಕ್ಷಣ ನಿಲ್ಲಿಸಿ.

ಕೆಲವರ ಹಾಳೆ ಬೇರೆ ಥರ ಇರುತ್ತದೆ. ಸೊಂಟ, ಕುತ್ತಿಗೆ, ಭುಜ, ಎಲ್ಲಾ ಕೆಂಪು. ಸೀರೆ ಕಟ್ಟಿದರೂ ನೋವು, ನಿದ್ದೆ ಇಲ್ಲ, ಎದ್ದಾಗಲೇ ಸುಸ್ತು. ಇಂದು ಬಗ್ಗಿದರೆ ನೋವು, ನಾಳೆ ಬಗ್ಗದಿದ್ದರೂ ನೋವು. ಸ್ಕ್ಯಾನ್‌ನಲ್ಲಿ ಏನೂ ಇಲ್ಲ ಅಂದಾಗ ಮನೆಯವರು 'ನಾಟಕ' ಎನ್ನುತ್ತಾರೆ. ನಾಟಕ ಅಲ್ಲ. ನೋವಿನ ಸುದ್ದಿ ಒಯ್ಯುವ ವ್ಯವಸ್ಥೆಯೇ ಅತಿ ಸೂಕ್ಷ್ಮವಾಗಿದೆ. ಪೆಟ್ಟಿನ ನೋವು, ನರದ ನೋವು ಎಂಬ ಎರಡರ ಜೊತೆ ಇದಕ್ಕೂ ನೋಸಿಪ್ಲಾಸ್ಟಿಕ್ ಎಂಬ ಹೆಸರನ್ನು ನೋವಿನ ಅಂತರರಾಷ್ಟ್ರೀಯ ಸಂಘ 2017ರಲ್ಲಿ ಒಪ್ಪಿತು. ಇವರಿಗೆ ಮಂಚದ ಮೇಲೆ ಸೊಂಟ ಎಳೆದು ಕಟ್ಟುವ ಟ್ರ್ಯಾಕ್ಷನ್‌ನಿಂದ ಉಪಯೋಗ ಕಾಣೆ. ನಿದ್ದೆ, ಮನೆಯ ಚಿಂತೆ, ಸ್ವಲ್ಪ ಸ್ವಲ್ಪವೇ ಹೆಚ್ಚಿಸುವ ನಡಿಗೆ, ಇವನ್ನೇ ಕೂತು ಮಾತಾಡಬೇಕು. ಒಬ್ಬರಲ್ಲೇ ಎರಡು ಬಗೆ ಬೆರೆತಿರುವುದೂ ಉಂಟು.

ಎರಡು ವಾರ ಬಿಟ್ಟು ಅಕ್ಕ ಹೊಸ ಹಾಳೆ ತಂದರು. ಮಗಳು ಸ್ಕೆಚ್ ಪೆನ್ನಲ್ಲಿ ಹಚ್ಚಿದ ಕೆಂಪು ತೊಡೆಯ ಮೇಲಕ್ಕೇ ನಿಂತಿತ್ತು. ಅವತ್ತು ಕವರ್ ತೆರೆದೆ. ಎಲ್5 ಎಸ್1 ನಡುವೆ, ಅಂದರೆ ಸೊಂಟದ ಐದನೇ ಮೂಳೆಗೂ ಅದರ ಕೆಳಗಿನ ಮೂಳೆಗೂ ಮಧ್ಯೆ, ಎಡಕ್ಕೆ ಡಿಸ್ಕ್ ಉಬ್ಬಿ ನರಕ್ಕೆ ತಾಗಿತ್ತು. ಕಿರುಬೆರಳ ಪಕ್ಕ, ತುದಿಗಾಲಿನ ಬಲ, ಎಲ್ಲಾ ಅದೇ ನರದ್ದು. ಅವರು ಇಷ್ಟು ದಿನ ಹೆದರಿದ್ದ ನಾಲ್ಕು ಐದರ ಮಧ್ಯದ ಸವೆತವೂ ಇತ್ತು. ಈ ನೋವಿಗೂ ಅದಕ್ಕೂ ಸಂಬಂಧ ಇರಲಿಲ್ಲ.