ಗುಡ್ಡದ ಮೇಲಿನ ನಳಕ್ಕೆ ನೀರು ಏರಬೇಕೇ? ಲೆಕ್ಕ ಓಣಿಯಿಂದ ಶುರುವಾಗಲಿ

ಧಾರವಾಡದಲ್ಲಿ ಸಪಾಟು ರಸ್ತೆ ಸಿಗುವುದು ಅಪರೂಪ. ಒಂದು ಏರು ಹತ್ತಿದರೆ ಮುಂದೆ ಇಳಿಜಾರು. ಈಗಂತೂ ಮನೆಗಳು ಗುಡ್ಡದ ನೆತ್ತಿಗೂ ಹತ್ತಿವೆ. ಸೈಟು ಮಾರುವವರು "ಗಾಳಿ ಚಲೋ ಬರ್ತೈತ್ರಿ" ಅನ್ನುತ್ತಾರೆ. ನೀರಿನ ಮಾತು ಗೃಹಪ್ರವೇಶ ಆದಮೇಲೆ.

ನಮ್ಮ ನೀರು ಸವದತ್ತಿ ಹತ್ತಿರದ ನವಿಲುತೀರ್ಥ ಅಣೆಕಟ್ಟಿನಿಂದ ಹೊರಟು, ಅಮ್ಮಿನಬಾವಿಯಲ್ಲಿ ಶುದ್ಧವಾಗಿ ಇಲ್ಲಿಗೆ ಬರುತ್ತದೆ. ಅಷ್ಟು ದೂರ ಬಂದ ನೀರು ಕೊನೆಯ ಏರಿನಲ್ಲಿ ಸೋಲುತ್ತದೆ. ಹಾಗಾಗಿ "ಇನ್ನೊಂದು ಟ್ಯಾಂಕ್ ಕಟ್ಟಿಸಿ ಕೊಡಿ" ಎಂದು ಅರ್ಜಿ ಬರೆಯುವ ಮುಂಚೆ ಈ ಕೆಲಸಗಳನ್ನು ಓಣಿಯವರೇ ಮಾಡಿಕೊಳ್ಳಿ.

ಮೊದಲು ತಲೆ ಎಣಿಸಿ

ಮನೆಪಟ್ಟಿಯ ಲೆಕ್ಕ ಸಾಲದು. ಧಾರವಾಡ ವಿದ್ಯಾರ್ಥಿಗಳ ಊರು. ಒಂದೇ ಮನೆ ನಂಬರಿನಲ್ಲಿ ಮೂರು ಬಾಡಿಗೆ ಸಂಸಾರ, ಮೇಲೆ ಎಂಟು ಹುಡುಗರ ರೂಮು ಇರುತ್ತದೆ. ಅವರೂ ಸ್ನಾನ ಮಾಡುತ್ತಾರೆ, ಅಲ್ವಾ? ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಯೋಜನೆ ಮಾಡುವವರು ಹಿಡಿಯುವ ಅಳತೆ. 20,000 ಜನರಿಗೆ 27 ಲಕ್ಷ ಲೀಟರ್ ಆಯಿತು. ದಾರಿಯಲ್ಲಿ ಶೇ 15 ಸೋರಿದರೂ ಹೊರಡುವಾಗ ಸುಮಾರು 32 ಲಕ್ಷ ಬೇಕು. ಪೈಪಿನ ಜಾಲವನ್ನು ಸಾಮಾನ್ಯವಾಗಿ 30 ವರ್ಷದ ಲೆಕ್ಕದಲ್ಲಿ ಹಾಕುತ್ತಾರೆ. ಜನಸಂಖ್ಯೆ ವರ್ಷಕ್ಕೆ ಶೇ 2.5 ಬೆಳೆದರೆ 28 ವರ್ಷದಲ್ಲಿ ಎರಡು ಪಟ್ಟು ಆಗುತ್ತದೆ. ಹಾಗಾಗಿ ಖಾಲಿ ಸೈಟುಗಳನ್ನೂ ಬರೆದುಕೊಳ್ಳಿ.

ಎತ್ತರದ ನಕ್ಷೆ ಬರೆಯಿರಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಕೆಲಸ ಇದೇ. ಹತ್ತು ಮೀಟರ್ ಎತ್ತರದ ನೀರು ಪೈಪಿನಲ್ಲಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ ಕೊಡುತ್ತದೆ. ಎರಡು ಅಂತಸ್ತಿನ ಮನೆಗೆ ನೀರು ತಾನೇ ಏರಬೇಕಾದರೆ ನಳದ ಹತ್ತಿರ 12 ಮೀಟರಿನಷ್ಟು ಒತ್ತಡ ಉಳಿದಿರಬೇಕು. ಟ್ಯಾಂಕಿನ ತಳಕ್ಕಿಂತ ನಿಮ್ಮ ಅಂಗಳ ಐದೇ ಮೀಟರ್ ಕೆಳಗಿದ್ದರೆ ನೀರು ತಾನಾಗಿ ಮಾಳಿಗೆಗೆ ಹತ್ತದು. ಅದೇ ಟ್ಯಾಂಕಿಗೆ 50 ಮೀಟರ್ ಕೆಳಗಿರುವ ಓಣಿಯಲ್ಲಿ ಒತ್ತಡ ಜಾಸ್ತಿಯಾಗಿ ಜಾಯಿಂಟ್ ಕಿತ್ತು ರಸ್ತೆ ಹೊಳೆಯಾಗುತ್ತದೆ. ಮೇಲಿನವರಿಗೆ ಬರ, ಕೆಳಗಿನವರಿಗೆ ನೆರೆ. ಎರಡಕ್ಕೂ ಕಾರಣ ಒಂದೇ ಟ್ಯಾಂಕ್. ಗುಡ್ಡದ ಊರಿಗೆ ಬೇಕಾದದ್ದು ಬರೀ ದೊಡ್ಡ ಟ್ಯಾಂಕಲ್ಲ, ಮೇಲಿನ ಓಣಿಗೊಂದು, ಕೆಳಗಿನ ಓಣಿಗೊಂದು ಬೇರೆ ಬೇರೆ ಜೋನು, ಅಂದರೆ ಎತ್ತರಕ್ಕೆ ತಕ್ಕಂತೆ ಬೇರೆಯಾಗಿ ನೀರು ಬಿಡುವ ಭಾಗ.

ಎತ್ತರ ಅಳೆಯಲು ಫೋನಿನ ಆ್ಯಪ್ ನಂಬಬೇಡಿ, ಹಲವು ಮೀಟರ್ ತಪ್ಪು ತೋರಿಸುತ್ತದೆ. ಗೌಂಡಿಗಳ ಹತ್ತಿರ ನೀರು ತುಂಬಿದ ಲೆವೆಲ್ ಪೈಪು ಇರುತ್ತದೆ. ಒಬ್ಬ ಗೌಂಡಿಯನ್ನು ಕರೆದು, ಟ್ಯಾಂಕಿನಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತ ಪ್ರತಿ ತಿರುವಿನ ಅಳತೆ ಬರೆಯಿರಿ. ನಿಧಾನದ ಕೆಲಸ, ಆದರೆ ಲೆಕ್ಕ ತಪ್ಪುವುದಿಲ್ಲ.

ನೀರು ತುಂಬುವವರನ್ನು ಕೇಳಿ

ನಮ್ಮ ಮೊದಲ ಸಭೆ ಭಾನುವಾರ ಬೆಳಿಗ್ಗೆ 11ಕ್ಕೆ. ಸರಿಯಾಗಿ ಅದೇ ಹೊತ್ತಿಗೆ ನಳ ಬಂತು! ಸಭೆಗೆ ಗಂಡಸರಷ್ಟೇ ಬಂದರು. ಭಾಷಣ ಬಹಳ ಆಯಿತು. ಯಾವ ಮನೆಗೆ ಎಷ್ಟು ಕೊಡ ಬರುತ್ತದೆ ಎಂದು ಒಬ್ಬರಿಗೂ ಗೊತ್ತಿರಲಿಲ್ಲ. ಆಮೇಲೆ ನೀರು ಬರದ ದಿನ ಸಂಜೆ, ಕಟ್ಟೆಯ ಮೇಲೆ ಕೂತೆವು. ಗುಡ್ಡದ ತುದಿಯ ಅಜ್ಜಿ ಒಂದೇ ಮಾತಿನಲ್ಲಿ ಹೇಳಿದರು: "ಕೆಳಗಿನವ್ರು ಮೋಟರ್ ಹಚ್ಚಿದ್ರ ನಮ್ಮ ನಳ ಬರೇ ಬುಸ್ಸ್ ಅಂತೈತಿ." ಪೈಪಿನೊಳಗೆ ಗಾಳಿ ಸೇರುತ್ತಿತ್ತು. ಖಾಲಿ ಪೈಪು ಹೀಗೆ ಎಳೆದಾಗ ಸೋರುವ ಜಾಗದಿಂದ ಚರಂಡಿ ನೀರೂ ಒಳಗೆ ಬರಬಹುದು.

ವಾಲ್ವ್ ತಿರುಗಿಸುವ ಕಾಕಾನನ್ನೂ ಕರೆದು ಚಹಾ ಕೊಡಿ. ಯಾವ ವಾಲ್ವ್ ಕೆಟ್ಟಿದೆ, ಎಲ್ಲಿ ಹಳೇ ಪೈಪು ಹೂತುಹೋಗಿದೆ ಎಂಬುದು ಅವರ ತಲೆಯಲ್ಲಿರುತ್ತದೆ, ಕಾಗದದಲ್ಲಿ ಇರುವುದಿಲ್ಲ. ಜೊತೆಗೆ ಪ್ರತಿ ತಿರುವಿನಲ್ಲಿ ಒಂದು ಮನೆ ಆರಿಸಿ, 15 ಲೀಟರ್ ಬಕೆಟ್ ತುಂಬಲು ಎಷ್ಟು ಸೆಕೆಂಡ್ ಬೇಕೆಂದು ಒಂದು ತಿಂಗಳು ಬರೆದಿಡಿ.

ಸೋರಿಕೆ, ಕರೆಂಟು, ಮಳೆ

ರಾತ್ರಿ ಎರಡಕ್ಕೆ ಯಾರೂ ನೀರು ಬಳಸುವುದಿಲ್ಲ. ಆಗಲೂ ಟ್ಯಾಂಕಿನ ಮಟ್ಟ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಮೇಲೆತ್ತಿದ ನೀರು ಸೋರಿದರೆ ಕರೆಂಟೂ ಹೋದಂತೆ: ಸಾವಿರ ಲೀಟರನ್ನು 100 ಮೀಟರ್ ಎತ್ತಲು ಹೆಚ್ಚುಕಡಿಮೆ 0.4 ಯೂನಿಟ್ ಬೇಕು.

ಮಳೆ ನೀರನ್ನು ಬಟ್ಟೆ, ಶೌಚಕ್ಕೆ ಇಟ್ಟುಕೊಳ್ಳಿ. 100 ಚದರ ಮೀಟರ್ ಮಾಳಿಗೆಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ 2,000 ಲೀಟರ್. ಒಂದಿಷ್ಟು ಚೆಲ್ಲಿಹೋದರೂ 1,600 ಲೀಟರ್ ನೆಲದಡಿಯ ತೊಟ್ಟಿಗೆ ಬರುತ್ತದೆ.

ಇಷ್ಟಾದ ಮೇಲೆ ಅರ್ಜಿ

ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರದಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತದೆ. ಎತ್ತರದ ನಕ್ಷೆ, ಬಕೆಟ್ ಪಟ್ಟಿ, ತಲೆ ಲೆಕ್ಕ ಮೂರನ್ನೂ ಅಲ್ಲೇ ಕೊಡಿ, ಸ್ವೀಕೃತಿ ಪಡೆಯಿರಿ. ಟ್ಯಾಂಕ್ ಎಲ್ಲಿ ಬರಬೇಕು ಎಂಬ ಜಗಳ ಖಂಡಿತ ಆಗುತ್ತದೆ, ತಮ್ಮ ಮನೆ ಪಕ್ಕ ಯಾರಿಗೂ ಬೇಡ. ಆಗ ನಕ್ಷೆ ಬಿಚ್ಚಿ, ಅತಿ ಎತ್ತರದ ಮನೆಯ ಮೇಲೆ ಬೆರಳಿಟ್ಟು, ಅಲ್ಲಿಂದ ಕನಿಷ್ಠ 12 ಮೀಟರ್ ಮೇಲೆ ಟ್ಯಾಂಕಿನ ತಳ ಇರುವ ಜಾಗ ಯಾವುದೆಂದು ಕೇಳಿ. ಪೈಪಿನಲ್ಲಿ ಹರಿಯುವಾಗ ಆಗುವ ನಷ್ಟವನ್ನು ಎಂಜಿನಿಯರು ಸೇರಿಸಲಿ.