ಮದುವೆ ಡಿವಿಡಿಗಳನ್ನು ಒಂದೇ ರಾತ್ರಿಯಲ್ಲಿ ಎಂಪಿ4 ಮಾಡುವುದು

ದಾವಣಗೆರೆಯ ಮಂಡಿಪೇಟೆ ಹತ್ತಿರ ನಮ್ಮದು ಸಣ್ಣ ಸ್ಟುಡಿಯೊ. ಅಪ್ಪ ತೆಗೆದ ಮದುವೆಗಳೆಲ್ಲ ಡಿವಿಡಿಯಲ್ಲಿ ಬೀರು ತುಂಬ ಇವೆ. ಹೋದ ಶ್ರಾವಣದಲ್ಲಿ ಹರಿಹರದಿಂದ ಬಂದ ಹೆಣ್ಣುಮಗಳೊಬ್ಬರು ತಮ್ಮ ಮದುವೆ ಡಿವಿಡಿಯನ್ನು ಮೇಜಿನ ಮೇಲಿಟ್ಟು, "ಇದರಾಗ ನಮ್ಮವ್ವ ಸೋಬಾನ ಹಾಡ್ಯಾಳ ತಮ್ಮಾ. ಆಕಿ ಈಗಿಲ್ಲ. ಪ್ಲೇಯರ್ ಕೆಟ್ಟು ಕುಂತೈತಿ, ಫೋನಿಗೆ ಹಾಕಿಕೊಡಪ್ಪ" ಅಂದರು. ಅವರ ಹಿಂದೆಯೇ ಇನ್ನೂ ಹಲವರು ಬಂದರು. ಒಂದೊಂದನ್ನೂ ಮೌಸ್ ಒತ್ತುತ್ತ ಮಾಡಿದರೆ ಅಂಗಡಿ ನಡೆಯುವುದಿಲ್ಲ. ಹಾಗಾಗಿ ಎಫ್‌ಎಫ್‌ಎಂಪೆಗ್ ಕಲಿತೆ. 2000ದಲ್ಲಿ ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ ಶುರು ಮಾಡಿದ, ವಿಡಿಯೊವನ್ನು ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಿಸುವ, ದುಡ್ಡು ಕೊಡಬೇಕಿಲ್ಲದ ತಂತ್ರಾಂಶ ಇದು. ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯಲ್ಲಿ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದು ‘ಸುಡೊ ಆಪ್ಟ್ ಇನ್‌ಸ್ಟಾಲ್ ಎಫ್‌ಎಫ್‌ಎಂಪೆಗ್’ ಅಂದರೆ ಬಂದುಬಿಡುತ್ತದೆ. ಇಲ್ಲಿ ಕಮಾಂಡುಗಳನ್ನು ಉಚ್ಚಾರದಂತೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು.

ಡಿವಿಡಿ ತೆರೆದರೆ ‘ವಿಡಿಯೊ_ಟಿಎಸ್’ ಫೋಲ್ಡರಿನಲ್ಲಿ ವಿಒಬಿ ಫೈಲುಗಳಿರುತ್ತವೆ. ಒಂದೊಂದೂ ಹೆಚ್ಚೆಂದರೆ 1 ಜಿಬಿ, ಹಾಗಾಗಿ ಒಂದೇ ಮದುವೆ ಮೂರ್ನಾಲ್ಕು ತುಂಡಾಗಿರುತ್ತದೆ. ಸೊನ್ನೆಯಲ್ಲಿ ಮುಗಿಯುವ ತುಂಡು ಬರೀ ಮೆನು, ಅದನ್ನು ಬಿಡಿ. ಉಳಿದವನ್ನು ‘ಕ್ಯಾಟ್ ವಿಟಿಎಸ್_01_[1-9].ವಿಒಬಿ > ಮದುವೆ.ವಿಒಬಿ’ ಎಂದು ಅಂಟಿಸಿ. ಡಿವಿಡಿಯಿಂದ ನೇರ ಪರಿವರ್ತಿಸಬೇಡಿ. ಗೀರು ಬಿದ್ದ ಡಿಸ್ಕನ್ನು ಒಮ್ಮೆ ಓದಿ ಹಾರ್ಡ್‌ಡಿಸ್ಕಿಗೆ ಇಳಿಸಿಕೊಳ್ಳುವುದೇ ಪುಣ್ಯ.

ಈಗ ಮುಖ್ಯ ಸಾಲು. ‘ಎಫ್‌ಎಫ್‌ಎಂಪೆಗ್ -ಐ’ ಆದಮೇಲೆ ಮೂಲ ಫೈಲು. ಆಮೇಲೆ ‘-ವಿಎಫ್ ಯಾಡಿಫ್’. ಇದನ್ನು ಮರೆತವರೇ ಹೆಚ್ಚು. ಪಾಲ್ ಅಂದರೆ ನಮ್ಮ ಕಡೆಯ ಟಿವಿ ಪದ್ಧತಿ; ಆ ಡಿವಿಡಿಯ ಚಿತ್ರ 720x576 ಚುಕ್ಕೆ. ಸೆಕೆಂಡಿಗೆ 25 ಚಿತ್ರ, ಒಂದೊಂದರಲ್ಲೂ ಎರಡು ಕ್ಷಣದ ಗೆರೆಗಳು ಹೆಣೆದುಕೊಂಡಿರುತ್ತವೆ. ಹಳೆ ಟಿವಿಗೆ ಅದು ಸರಿ, ಫೋನಿನಲ್ಲಿ ಮಾತ್ರ ಮೆರವಣಿಗೆಯ ಸಮಾಳದವರು ಕೈ ಬೀಸಿದಾಗ ಅಂಚೆಲ್ಲ ಬಾಚಣಿಗೆ ಹಲ್ಲಾಗುತ್ತದೆ. ಯಾಡಿಫ್ ಅದನ್ನು ಬಿಡಿಸುತ್ತದೆ. ‘ಯಾಡಿಫ್=1’ ಅಂದರೆ ಸೆಕೆಂಡಿಗೆ 50 ಚಿತ್ರ ಸಿಗುತ್ತದೆ; ಕುಣಿತವಿರುವ ವಿಡಿಯೊಗೆ ನಾನು ಅದನ್ನೇ ಹಾಕುವುದು.

ನಂತರ ‘-ಸಿ:ವಿ ಲಿಬ್‌ಎಕ್ಸ್264 -ಸಿಆರ್‌ಎಫ್ 20 -ಸಿ:ಎ ಎಎಸಿ -ಬಿ:ಎ 192ಕೆ’. ಲಿಬ್‌ಎಕ್ಸ್264 ಚಿತ್ರವನ್ನು, ಎಎಸಿ ಧ್ವನಿಯನ್ನು ಕುಗ್ಗಿಸುತ್ತದೆ; 192ಕೆ ಧ್ವನಿಯ ಗುಣಮಟ್ಟ. ಚಿತ್ರದ ಗುಣಮಟ್ಟ ಹೇಳುವ ಸಿಆರ್‌ಎಫ್ 0ಯಿಂದ 51ರವರೆಗೆ ಇದೆ, ಹೇಳದಿದ್ದರೆ 23. ಅಂಕಿ ಇಳಿದಷ್ಟೂ ಗುಣಮಟ್ಟ ಏರುತ್ತದೆ, ಫೈಲೂ ದೊಡ್ಡದಾಗುತ್ತದೆ. ಇಡೀ ಮದುವೆಗೆ ಮೊದಲು ‘-ಟಿ 30’ ಸೇರಿಸಿ ಮೂವತ್ತು ಸೆಕೆಂಡು ಮಾತ್ರ ಮಾಡಿ, ಫೋನಿನಲ್ಲಿ ನೋಡಿ. ಕೊನೆಗೆ ‘-ಮೂವ್‌ಫ್ಲ್ಯಾಗ್ಸ್ +ಫಾಸ್ಟ್‌ಸ್ಟಾರ್ಟ್’ ಬರೆದು (ಎಲ್ಲ ಮುಗಿದ ಮೇಲೆ, ಯಾವ ಚಿತ್ರ ಎಲ್ಲಿದೆ ಎಂಬ ಸೂಚಿಯನ್ನು ಫೈಲಿನ ಮುಂದಕ್ಕೆ ತರುತ್ತದೆ), ಹೊಸ ಫೈಲಿನ ಹೆಸರು ಕೊಡಿ.

ಇನ್ನು ಸ್ಕ್ರಿಪ್ಟು, ಅಂದರೆ ಕಮಾಂಡುಗಳನ್ನು ಬರೆದಿಟ್ಟು ತಾನಾಗಿ ಓಡಿಸುವ ಫೈಲು. ನನ್ನ ಮೊದಲ ಸ್ಕ್ರಿಪ್ಟು ಬರೀ ‘ಫಾರ್’ ಲೂಪ್, ಪ್ರತಿ ಫೈಲಿಗೂ ಅದೇ ಸಾಲನ್ನು ಮತ್ತೆ ಮತ್ತೆ ಓಡಿಸುವುದು. ಎರಡನೇ ರಾತ್ರಿ ಕರೆಂಟು ಹೋಯಿತು. ಬೆಳಿಗ್ಗೆ ಬಂದು ನೋಡಿದರೆ ಆರನೇ ಮದುವೆಯ ಎಂಪಿ4 ಇತ್ತು, ಗಾತ್ರವೂ ಇತ್ತು, ಓಡಲಿಲ್ಲ. ಎಂಪಿ4 ತನ್ನ ಸೂಚಿಯನ್ನು ಎಲ್ಲ ಮುಗಿದ ಮೇಲೆ ಬರೆಯುತ್ತದೆ. ನಡುವೆ ನಿಂತರೆ ಇಡೀ ಫೈಲು ವ್ಯರ್ಥ. ಅದನ್ನು ನೋಡದೆ ಮೂಲ ಅಳಿಸಿದ್ದರೆ ಒಂದು ಮನೆಯವರ ನೆನಪೇ ಹೋಗುತ್ತಿತ್ತು. ಅಂದಿನಿಂದ ಲೂಪಿನೊಳಗೆ ಮೂರು ಕೆಲಸ ಕಡ್ಡಾಯ ಮಾಡಿಕೊಂಡೆ. ಎಂಪಿ4 ಆಗಲೇ ಇದ್ದರೆ ‘ಕಂಟಿನ್ಯೂ’ ಎಂದು ದಾಟಿಸುತ್ತೇನೆ, ಕರೆಂಟು ಬಂದಮೇಲೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಪರಿವರ್ತನೆಯನ್ನು ‘ಅರ್ಧ.ಎಂಪಿ4’ ಎಂಬ ಹೆಸರಿಗೆ ಬರೆಸಿ, ‘&&’ ಹಾಕಿ, ‘ಎಂವಿ’ಯಿಂದ ನಿಜ ಹೆಸರಿಗೆ ಬದಲಿಸುತ್ತೇನೆ; ತಪ್ಪಿಲ್ಲದೆ ಮುಗಿದರೆ ಮಾತ್ರ ಆ ಹೆಸರು ಸಿಗುತ್ತದೆ. ತಾತ್ಕಾಲಿಕ ಹೆಸರಿನ ಕೊನೆಯಲ್ಲೂ ಎಂಪಿ4 ಇರಲೇಬೇಕು, ಫೈಲಿನ ಬಗೆಯನ್ನು ಎಫ್‌ಎಫ್‌ಎಂಪೆಗ್ ಅದರಿಂದಲೇ ಊಹಿಸುತ್ತದೆ. ಮೂರನೆಯದು ‘-ನೋಎಸ್‌ಟಿಡಿಇನ್ -ವೈ’: ನಡುರಾತ್ರಿ ಪ್ರಶ್ನೆ ಕೇಳಿಕೊಂಡು ನಿಲ್ಲುವುದಿಲ್ಲ, ಹಳೆ ಅರ್ಧ ಫೈಲಿನ ಮೇಲೆಯೇ ಬರೆಯುತ್ತದೆ.

ಸ್ಕ್ರಿಪ್ಟಿನಲ್ಲಿ ಫೈಲಿನ ಹೆಸರು ಹಿಡಿದಿಡುವ ವೇರಿಯಬಲ್ಲನ್ನು ಜೋಡಿ ಉದ್ಧರಣ ಚಿಹ್ನೆಯೊಳಗೇ (" ") ಇಡಿ. ನಮ್ಮ ಫೈಲುಗಳ ಹೆಸರೆಲ್ಲ ‘ಕೊಟ್ರೇಶಿ ಗೌರಮ್ಮ’ ಥರದವು, ನಡುವೆ ಜಾಗ ಇರುತ್ತದೆ. ಆ ಚಿಹ್ನೆ ಇಲ್ಲದಿದ್ದರೆ ಶೆಲ್ (ಕಮಾಂಡು ಓದಿ ನಡೆಸುವ ತಂತ್ರಾಂಶ) ಗಂಡು ಹೆಣ್ಣನ್ನು ಎರಡು ಫೈಲು ಅಂದುಕೊಳ್ಳುತ್ತದೆ.

ಬೆಳಿಗ್ಗೆ ಎದ್ದು ‘ಎಫ್‌ಎಫ್‌ಎಂಪೆಗ್ -ವಿ ಎರರ್ -ಐ ಮದುವೆ.ಎಂಪಿ4 -ಎಫ್ ನಲ್ -’ ಓಡಿಸಿ. ಫೈಲನ್ನು ಮೊದಲಿಂದ ಕೊನೆವರೆಗೆ ಓದಿ, ದೋಷವಿದ್ದರೆ ಮಾತ್ರ ಬಾಯಿ ಬಿಡುತ್ತದೆ. ಅಂಟಿಸಿದ ವಿಒಬಿ ತೋರಿಸುವ ಅವಧಿಯನ್ನು ನಂಬಬೇಡಿ, ತುಂಡುಗಳ ಗಡಿಯಾರ ಹೊಂದದೆ ತಪ್ಪು ಹೇಳಬಹುದು. ಅದರ ಬದಲು ಧಾರೆ, ಊಟ, ಹೆಣ್ಣು ಒಪ್ಪಿಸುವುದು, ಈ ಮೂರು ಕಡೆ ತುಟಿಗೂ ಧ್ವನಿಗೂ ಹೊಂದಿಕೆ ನೋಡಿ. ಡಿವಿಡಿಯನ್ನಂತೂ ಎಸೆಯಲೇಬೇಡಿ.

ಹರಿಹರದವರಿಗೆ ಹಾಡನ್ನಷ್ಟೇ ಬೇರೆ ತೆಗೆದೆ. ‘-ಎಸ್ಎಸ್ 00:41:10 -ಟಿ 190 -ವಿಎನ್’, ಕೊನೆಗೆ ‘ಅವ್ವ.ಎಂಪಿ3’. ಅಂದರೆ 41 ನಿಮಿಷ 10 ಸೆಕೆಂಡಿನಿಂದ ಶುರುಮಾಡಿ 190 ಸೆಕೆಂಡು; ವಿಎನ್ ಅಂದರೆ ಚಿತ್ರ ಬೇಡ, ಧ್ವನಿ ಸಾಕು ಎಂದು.